ಒಂದು ಚೀಲ ಭೀಮಾ ಉಸುಕು

ಪುಣೆಯಲ್ಲಿ ಎಂ.ಟೆಕ್. ಮೊದಲ ವರ್ಷ. ನದಿ ದಂಡೆಗೆ ಹತ್ತಿರದ ಒಂದು ಸೈಟಿನಲ್ಲಿ ಬೋರ್ ಹೊಡೆಯುತ್ತಿದ್ದರು. ಮಣ್ಣಿನ ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ನೋಡಿಕೊಂಡು ಬರಲು ನಮ್ಮ ಸರ್ ನಾಲ್ಕು ಜನರನ್ನು ಅಲ್ಲಿಗೆ ಕಳಿಸಿದ್ದರು. ಮೂರು ಕಾಲಿನ ಕಬ್ಬಿಣದ ಚೌಕಟ್ಟು, ಮೇಲೊಂದು ರಾಟೆ, ಹಗ್ಗದ ತುದಿಗೆ 63.5 ಕಿಲೋ ತೂಕದ ಸುತ್ತಿಗೆ. ಅದನ್ನು 75 ಸೆಂ.ಮೀ. ಎತ್ತಿ ಬಿಡುತ್ತಾರೆ. ಧಡ್ ಅಂತ ಬೀಳುತ್ತದೆ. ಕೆಳಗಿನ ಕೊಳವೆ ಮಣ್ಣಿನೊಳಗೆ ಒಂದಿಷ್ಟು ಇಳಿಯುತ್ತದೆ. ಹೀಗೆ ಒಟ್ಟು 45 ಸೆಂ.ಮೀ. ಇಳಿಸಬೇಕು. ಮೊದಲ 15 ಸೆಂ.ಮೀ. ಲೆಕ್ಕಕ್ಕಿಲ್ಲ, ಯಾಕಂದ್ರೆ ಬೋರ್ ಹೊಡೆದಾಗ ಆ ಮಣ್ಣು ಕದಡಿರುತ್ತದೆ. ಉಳಿದ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತೋ ಅದು ಆ ಮಣ್ಣಿನ ‘ಎನ್’ ಬೆಲೆ.

ಪೆಟ್ಟುಗಳನ್ನು ಒಬ್ಬರು ಗಟ್ಟಿಯಾಗಿ ಎಣಿಸುತ್ತಿದ್ದರು.

“ಒಂದ... ಎರಡ... ಮೂರ... ನಾಕ...”

ಸುತ್ತ ಎಲ್ಲ ಮರಾಠಿ, ಹಿಂದಿ. ಎಣಿಕೆ ಮಾತ್ರ ಕನ್ನಡ. ಪೆಟ್ಟು ನಿಂತ ಮೇಲೆ ಹತ್ತಿರ ಹೋಗಿ ಕೇಳಿದೆ, “ಅಣ್ಣಾ, ಯಾವ್ ಊರ್ರಿ?”

“ಯಾದಗಿರಿ ಕಡಿ, ಶಹಾಪುರ ತಾಲೂಕ. ನಿಮ್ದ್ರಿ?”

“ಗಾಣಗಾಪುರದ ಹತ್ರ.”

“ಹಂಗಾದ್ರ ನಮ್ಮವ್ರೇ ಬಿಡ್ರಿ,” ಅಂತ ನಕ್ಕು ಮತ್ತೆ ಹಗ್ಗ ಹಿಡಿದರು.

ನಾನು ಆವತ್ತು ರೂಮಿಗೆ ಬಂದು ತುಂಬ ಹೊತ್ತು ಅದನ್ನೇ ಯೋಚಿಸಿದೆ. ಭೂಕಂಪ ಆದಾಗ ಒಂದು ಜಾಗದ ಮಣ್ಣು ನೀರಿನಂತಾಗುತ್ತದೋ ಇಲ್ಲವೋ ಅಂತ ಲೆಕ್ಕ ಹಾಕುವ ಸುಲಭ ವಿಧಾನವನ್ನು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸೀಡ್ ಮತ್ತು ಇದ್ರಿಸ್ 1971ರಲ್ಲಿ ಕೊಟ್ಟರು. ಅದು ಮುಂದೆ ಬೆಳೆಯುತ್ತ ಬಂತು. ಭೂಕಂಪಕ್ಕೆ ತಾಳುವ ಹಾಗೆ ಕಟ್ಟಲು ನಮ್ಮ ದೇಶ ಮಾಡಿಕೊಂಡ ನಿಯಮಗಳ ಪುಸ್ತಕ, 2016ರ ಐಎಸ್ 1893 ಸಂಹಿತೆ, ಅದರ ಅನುಬಂಧದಲ್ಲೂ ಇದೆ. ಕಂಪ್ಯೂಟರಿನಲ್ಲಿ ಎಷ್ಟು ದೊಡ್ಡ ಲೆಕ್ಕ ಮಾಡಿದರೂ ಒಳಗೆ ಹೋಗುವ ಮುಖ್ಯ ಅಂಕಿ ಆ ‘ಎನ್’ ಬೆಲೆ. ಅದು ಹುಟ್ಟೋದು ಬಿಸಿಲಲ್ಲಿ ನಿಂತ ಶಹಾಪುರದ ಅಣ್ಣನ ಬಾಯಲ್ಲಿ. ಅವರು ಒಂದು ಪೆಟ್ಟು ತಪ್ಪಿ ಎಣಿಸಿದರೆ ನಮ್ಮ ಲೆಕ್ಕವೂ ತಪ್ಪು. ಆದರೆ ಈ ಎಣಿಕೆ ಯಾಕೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. “ನೆಲ ಗಟ್ಟಿ ಅದನೋ ಇಲ್ಲೋ ನೋಡ್ತಾರ” ಅಂತಷ್ಟೇ ಅವರಿಗೆ ಗೊತ್ತಿತ್ತು.

ಭೂಕಂಪ ಮತ್ತು ಮಣ್ಣಿನ ಬಗ್ಗೆ ಕಾಲೇಜಿನಲ್ಲಿ ಒಂದು ವಿದ್ಯಾರ್ಥಿ ಕ್ಲಬ್ ಮಾಡಬೇಕು ಅನ್ನೋ ಆಸೆ ನನಗೆ ಹುಟ್ಟಿದ್ದು ಅಲ್ಲಿಂದ. ಕಟ್ಟಡಗಳ ಕ್ಲಬ್ ಇತ್ತು, ಕಾಂಕ್ರೀಟಿನದೂ ಇತ್ತು. ಮಣ್ಣು ಅಲುಗಿದರೆ ಏನಾಗುತ್ತದೆ ಅಂತ ಕೈಯಾರೆ ಮಾಡಿ ನೋಡುವ ಜಾಗ ಇರಲಿಲ್ಲ.

ಅನುಮತಿಯ ಕಥೆಯನ್ನು ಬೇಗ ಮುಗಿಸುತ್ತೇನೆ. ಇಪ್ಪತ್ತು ಸಹಿ ಬೇಕು, ಒಬ್ಬರು ಅಧ್ಯಾಪಕರು ಹೊಣೆ ಹೊರಬೇಕು, ವರ್ಷದ ಕಾರ್ಯಕ್ರಮದ ಪಟ್ಟಿ ಕೊಡಬೇಕು ಅಂದರು. ಕೊಟ್ಟೆವು. ಆರು ವಾರ ಫೈಲು ಒಂದೇ ಮೇಜಿನ ಮೇಲೆ ಕೂತಿತ್ತು. ಒಬ್ಬರು, “ಭೂಕಂಪ ಅಂತ ಹೆಸರಿಟ್ಟು ಜನರನ್ನು ಯಾಕೆ ಹೆದರಿಸ್ತೀರಿ, ಬೇರೆ ಹೆಸರಿಡಿ” ಅಂದರು. ನನಗೆ ನಿಜಕ್ಕೂ ಬೇಜಾರಾಯಿತು. ಪುಣೆ, ಮುಂಬೈ, ಗೋವಾ ಮೂರೂ 2016ರ ಆ ಸಂಹಿತೆಯ ಪ್ರಕಾರ ಭೂಕಂಪದ ಮೂರನೇ ವಲಯದಲ್ಲಿವೆ. ವಲಯದ ಅಂಕಿ ದೊಡ್ಡದಾದಷ್ಟು ಅಪಾಯ ಜಾಸ್ತಿ. ಇಲ್ಲಿಂದ ನಾಲ್ಕು ತಾಸಿನ ದಾರಿಯ ಕೊಯ್ನಾ ನಾಲ್ಕನೇ ವಲಯದಲ್ಲಿದೆ. ಹೆಸರು ಹೇಳದೇ ಇದ್ದರೆ ನೆಲ ಸುಮ್ನಿರುತ್ತದಾ? ಕೊನೆಗೆ ನಮ್ಮ ಸರ್ ತಾವೇ ಫೈಲು ಹಿಡಿದುಕೊಂಡು ಮಹಡಿ ಹತ್ತಿದರು. ಸಂಜೆ ಸಹಿ ಆಯಿತು.

ಮೊದಲ ಸಭೆಗೆ ಹನ್ನೊಂದು ಜನ. ಸಾಂಗ್ಲಿಯ ಒಬ್ಬ ಹುಡುಗಿ, ಅವಳ ಲೆಕ್ಕ ಎಂದೂ ತಪ್ಪುವುದಿಲ್ಲ. ಬೆಳಗಾವಿಯ ಒಬ್ಬ ಗೆಳೆಯ, ವೆಲ್ಡಿಂಗ್ ಬರುತ್ತಿತ್ತು. ಉಳಿದವರು ನಾಗಪುರ, ಕೊಲ್ಹಾಪುರ, ಕೇರಳದವರು. ಸಾಂಗ್ಲಿಯವಳು ಮೊದಲ ದಿನವೇ ನೇರವಾಗಿ ಕೇಳಿದಳು, “ಪುಣೆಯಲ್ಲಿ ಸ್ವಲ್ಪ ಅಗೆದರೆ ಬಸಾಲ್ಟ್ ಬಂಡೆ ಸಿಗುತ್ತೆ. ಮರಳು ನೀರಾಗೋದನ್ನು ಇಲ್ಲಿ ಯಾಕೆ ಕಲಿಬೇಕು?” ಒಳ್ಳೆ ಪ್ರಶ್ನೆ. ಇಲ್ಲಿ ಓದಿದವರು ಜಾಸ್ತಿ ಕೆಲಸಕ್ಕೆ ಹೋಗೋದು ಮುಂಬೈಗೆ. ಖಾಡಿಯ ಪಕ್ಕದ ಕೆಸರು, ಸಮುದ್ರ ತುಂಬಿಸಿ ಮಾಡಿಕೊಂಡ ನೆಲ. ಬಂದರು ಕೆಲಸ ಅಂದರೆ ಗುಜರಾತಿಗೂ ಹೋಗುತ್ತಾರೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕಚ್ಛಿನ ಮಣ್ಣಿನ ಅಣೆಕಟ್ಟುಗಳಿಗೆ ಏಟು ಬಿದ್ದದ್ದು ಅವುಗಳ ಕೆಳಗಿನ ನೆಲ ಸಡಿಲವಾದದ್ದರಿಂದ. ಕಾಂಡ್ಲಾ ಬಂದರಿನ ಕಚೇರಿ ಗೋಪುರ ವಾಲಿತು. ಅವಳು ಒಪ್ಪಿದಳು. “ಹಾಗಾದ್ರೆ ಮಾತು ಬೇಡ, ಮಾಡಿ ನೋಡೋಣ” ಅಂದಳು.

ಮಾಡಿ ನೋಡಲು ಒಂದು ಅಲುಗುವ ಮೇಜು ಬೇಕು. ಕೊಳ್ಳಲು ಹೋದರೆ ಲಕ್ಷಗಟ್ಟಲೆ ದುಡ್ಡು. ಪುಣೆಯಲ್ಲಿ ಬುಧವಾರ ಮತ್ತು ಭಾನುವಾರ ಜೂನಾ ಬಜಾರ್ ಸೇರುತ್ತದೆ. ಹಳೇ ಕಬ್ಬಿಣ, ಹಳೇ ಮೋಟಾರು, ಏನು ಬೇಕಾದರೂ ಸಿಗುತ್ತದೆ. ಅಲ್ಲಿ ಕಾರಿನ ವೈಪರ್ ಮೋಟಾರ್ ಒಂದನ್ನು ತಂದೆವು. ಪ್ಲೈವುಡ್ ಹಲಗೆಯ ಕೆಳಗೆ ಮೇಜಿನ ಡ್ರಾಯರಿಗೆ ಹಾಕುವ ಜಾರು ಪಟ್ಟಿಗಳನ್ನು ಜೋಡಿಸಿದೆವು. ಬೆಳಗಾವಿಯವನು ಚಕ್ರಕ್ಕೆ ಒಂದು ಬದಿಯಲ್ಲಿ ಮೊಳೆ ವೆಲ್ಡ್ ಮಾಡಿ ಅದಕ್ಕೊಂದು ತೋಳು ಕೊಟ್ಟ. ಚಕ್ರ ತಿರುಗಿದರೆ ಹಲಗೆ ಹಿಂದೆ ಮುಂದೆ ಓಡುತ್ತದೆ, ಆಚೆ ಒಂದು ಸೆಂ.ಮೀ., ಈಚೆ ಒಂದು ಸೆಂ.ಮೀ.

ಮೇಲೆ ದೊಡ್ಡ ಗಾಜಿನ ಪೆಟ್ಟಿಗೆ ಇಟ್ಟು ಉಸುಕು, ನೀರು ತುಂಬಿದೆವು. ನೂರು ಕಿಲೋ ಹತ್ತಿರ ಆಯಿತು. ಮೋಟಾರ್ ಅರ್ಧ ನಿಮಿಷ ತಿರುಗಿ ಸುಟ್ಟ ವಾಸನೆ ಬಂತು. ಆಮೇಲೆ 40 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ಚಿಕ್ಕ ಅಕ್ರಿಲಿಕ್ ಪೆಟ್ಟಿಗೆ ಮಾಡಿಸಿ, ಅಂಥದ್ದೇ ಇನ್ನೊಂದು ಮೋಟಾರ್ ತಂದು ಹಾಕಿದೆವು. ಈ ಸಲ ತಿರುಗಿತು. ಉಸುಕಿನ ಮೇಲೆ ನಿಲ್ಲಿಸಿದ ಇಟ್ಟಂಗಿ ತೊಟ್ಟಿಲಲ್ಲಿ ಕೂತ ಹಾಗೆ ಆರಾಮಾಗಿ ತೂಗಿತು. ಏನೂ ಆಗಲಿಲ್ಲ. ಹತ್ತು ನಿಮಿಷ ಅಲುಗಿಸಿದರೂ ಏನೂ ಆಗಲಿಲ್ಲ.

ಸಾಂಗ್ಲಿಯವಳು ಬೋರ್ಡಿನ ಮುಂದೆ ನಿಂತು ಲೆಕ್ಕ ಮಾಡಿದಳು. ವೈಪರ್ ಮೋಟಾರ್ ಸೆಕೆಂಡಿಗೆ ಒಂದು ಸುತ್ತು. ಒಂದು ಸೆಂ.ಮೀ. ಓಡಾಟ. ವೇಗೋತ್ಕರ್ಷ ಬರೋದು ಬರೀ 0.04 ಜಿ. ಗುರುತ್ವದ ನೂರರಲ್ಲಿ ನಾಲ್ಕು ಪಾಲು. “ಇದು ಭೂಕಂಪ ಅಲ್ಲ, ಜೋಕಾಲಿ” ಅಂದಳು. ವೇಗೋತ್ಕರ್ಷ ಸುತ್ತಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಸುತ್ತು ಮೂರು ಪಟ್ಟಾದರೆ ಅದು ಒಂಬತ್ತು ಪಟ್ಟು. ಬುಧವಾರ ಪೇಠೆಯ ತಪಕೀರ್ ಗಲ್ಲಿಗೆ ಹೋಗಿ ನಿಮಿಷಕ್ಕೆ 200 ಸುತ್ತಿನ ಗೇರ್ ಮೋಟಾರ್ ತಂದೆವು. ಓಡಾಟವನ್ನು ಅರ್ಧ ಸೆಂ.ಮೀ.ಗೆ ಇಳಿಸಿದೆವು. ಲೆಕ್ಕದಲ್ಲಿ 0.22 ಜಿ ಬಂತು. ಈಗ ಹಲಗೆ ಗಡಗಡ ನಡುಗಿತು.

ಇಟ್ಟಂಗಿ ಮಾತ್ರ ಮುಳುಗಲಿಲ್ಲ!

ಕಾರಣ ಉಸುಕಿನಲ್ಲಿತ್ತು. ನಾವು ತಂದದ್ದು ಅಂಗಡಿಯ ಕಲ್ಲಿನ ಪುಡಿ, ಎಲ್ಲ ಕಡೆ ಈಗ ಅದೇ ಸಿಗೋದು. ಕಾಳುಗಳಿಗೆ ಮೂಲೆ ಮೂಲೆ, ನಡುವೆ ದೂಳು. ಅವು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ. ಜೊತೆಗೆ ನಮ್ಮಲ್ಲೊಬ್ಬ ಪ್ರತಿ ಸಲ ಮೇಲ್ಮೈ ಸಮ ಮಾಡುವಾಗ ಕೈಯಿಂದ ತಟ್ಟಿ ತಟ್ಟಿ ಒತ್ತಿ ಕೂರಿಸುತ್ತಿದ್ದ. ಒತ್ತಾಗಿ ಕೂತ ಉಸುಕು ನೀರಾಗುವುದಿಲ್ಲ. ಪುಸ್ತಕದಲ್ಲಿ ನಾಲ್ಕು ಸಲ ಓದಿದ ಮಾತು. ಕೈಗೆ ಸಿಕ್ಕಿದ್ದು ಆವತ್ತು.

ದೀಪಾವಳಿಗೆ ಊರಿಗೆ ಹೋದೆ. ನಮ್ಮೂರು ಅಫಜಲಪುರ ತಾಲೂಕಿನಲ್ಲಿ, ಭೀಮಾ ನದಿಯ ಹತ್ತಿರ. ಮನೆ ಹಿಂದೆ ನೀರಿನ ತೊಟ್ಟಿ ಕಟ್ಟಿಸಿದಾಗ ಉಳಿದ ಉಸುಕಿನ ಗುಡ್ಡೆ ಬೇವಿನ ಮರದ ಕೆಳಗೆ ಇತ್ತು. ಹಳೇ ಹೊಳೆ ಉಸುಕು. ಕೈಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ರವೆಯಂತೆ ಇಳಿಯುತ್ತಿತ್ತು. ಕಾಳು ದುಂಡಗೆ. ಜರಡಿ ಹಿಡಿದು ಸಿಮೆಂಟ್ ಚೀಲಕ್ಕೆ ತುಂಬುತ್ತಿದ್ದೆ. ಅಜ್ಜಿ ಕಟ್ಟೆ ಮೇಲೆ ಕೂತು ನೋಡುತ್ತಿದ್ದಳು.

“ಪುಣೆದಾಗ ಉಸುಕ ಇಲ್ಲೇನೋ?”

ಅದೆ, ಆದರೆ ಇಂಥದ್ದಿಲ್ಲ ಅಂದೆ. ಯಾಕೆ ಬೇಕು ಅಂದಳು. ಭೂಕಂಪ ಮಾಡಿ ನೋಡೋಕೆ ಅಂದೆ. ಅಜ್ಜಿಯ ಮುಖದ ನಗು ಹೋಯಿತು.

“ಅದನ್ನೇನ್ ಮಾಡಿ ನೋಡ್ತೀಯಪಾ. ಒಮ್ಮಿ ಆಗ್ಯಾದಲ್ಲ, ಸಾಕು.”

1993ರ ಸೆಪ್ಟೆಂಬರ್ 30. ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ ಇತ್ತು. ಹಿಂದಿನ ದಿನ ಗಣಪತಿ ಕಳಿಸಿ ಜನ ದಣಿದು ಮಲಗಿದ್ದರು. ಭೂಕಂಪ ಆದ ಲಾತೂರ್ ಕಡೆಯ ಕಿಲ್ಲಾರಿ ನಮ್ಮೂರಿಂದ ಹತ್ತಿರ ಹತ್ತಿರ ನೂರು ಕಿ.ಮೀ. ನಮ್ಮ ಮನೆಯ ಮಾಡದಲ್ಲಿದ್ದ ಹಿತ್ತಾಳೆ ಪಾತ್ರೆಗಳು ಗಲಗಲ ಅಂದವಂತೆ. ದನ ಹಗ್ಗ ಹರಿದುಕೊಂಡವಂತೆ. ಅಜ್ಜಿಯ ತಂಗಿಯನ್ನು ಉಮರ್ಗಾ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಅವಳು ಕೂಸಿಗೆ ಸೆಖೆ ಅಂತ ಅಂಗಳದಲ್ಲಿ ಮಲಗಿದ್ದಳು, ಉಳಿದಳು. ಒಳಗೆ ಮಲಗಿದ್ದ ಅತ್ತೆ ಮಾವ ಉಳಿಯಲಿಲ್ಲ. 6.2 ತೀವ್ರತೆಯ ಆ ಭೂಕಂಪದಲ್ಲಿ ಹತ್ತಿರ ಹತ್ತಿರ 10,000 ಜನ ಸತ್ತರು. ಅಷ್ಟೇ ತೀವ್ರತೆಗೆ ಅಷ್ಟೊಂದು ಜನ ಸಾಯಬೇಕಾಗಿರಲಿಲ್ಲ ಅಂತ ಓದಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ತಿಂಗಳುಗಟ್ಟಲೆ ನಮ್ಮೂರ ಮಂದಿಯೂ ಹೊರಗೇ ಮಲಗಿದರು ಅಂತ ಅಜ್ಜಿ ಹೇಳಿದಳು. ಹೇಳಿ ಸುಮ್ಮನಾದಳು. ಆಮೇಲೆ ತಾನೇ ಎದ್ದು ಬಂದು ಚೀಲದ ಬಾಯಿ ಹಿಡಿದುಕೊಂಡಳು. “ತುಂಬು. ಕಲಿಯೂದಿದ್ರ ಕಲಿ.”

ಬಸ್ಸಿನ ಕಂಡಕ್ಟರು ಚೀಲ ಮುಟ್ಟಿ ನೋಡಿ ಲಗೇಜ್ ಟಿಕೆಟ್ ಹರಿದರು. ಪುಣೆಯ ಮುಳಾ ಮುಠಾ ನದಿ ಭೀಮೆಗೆ ಸೇರುತ್ತದೆ, ಭೀಮೆ ನಮ್ಮೂರ ಹತ್ತಿರ ಹಾಯ್ದು ಮುಂದೆ ಕೃಷ್ಣೆಗೆ ಸೇರುತ್ತದೆ. ನೀರು ಕೆಳಗೆ ತಂದ ಉಸುಕನ್ನು ನಾನು ಬಸ್ಸಿನಲ್ಲಿ ಮೇಲಕ್ಕೆ ಒಯ್ಯುತ್ತಿದ್ದೆ.

ಈ ಸಲ ಎಚ್ಚರಿಕೆಯಿಂದ ಮಾಡಿದೆವು. ಪೆಟ್ಟಿಗೆಯಲ್ಲಿ ಮೊದಲು ನೀರು. ಅದರೊಳಗೆ ಜರಡಿಯಿಂದ ಉಸುಕು ಮಳೆ ಬಿದ್ದ ಹಾಗೆ ನಿಧಾನಕ್ಕೆ ಬಿಟ್ಟೆವು. ಹಾಗೆ ಬಿದ್ದ ಉಸುಕು ಸಡಿಲಾಗಿ ಕೂರುತ್ತದೆ. ಯಾರೂ ಮುಟ್ಟಬಾರದು, ಮೇಜಿಗೆ ಒರಗಬಾರದು. ತಳದಲ್ಲಿ ಒಂದು ಪಿಂಗ್‌ಪಾಂಗ್ ಚೆಂಡನ್ನು ಹೂತಿದ್ದೆವು. ಮೇಲೆ ಒಂದು ಅರ್ಧ ಇಟ್ಟಂಗಿಯನ್ನು ಉಸಿರು ಬಿಗಿಹಿಡಿದು ನಿಲ್ಲಿಸಿದೆವು. ಸ್ವಿಚ್ ಹಾಕಿದೆವು.

ಮೊದಲು ಉಸುಕಿನ ಮೈ ಹೊಳೆಯಿತು. ಒಣಗಿದ ಹಾಗೆ ಕಾಣುತ್ತಿದ್ದ ಜಾಗದಲ್ಲಿ ನೀರಿನ ಪೊರೆ ಬಂತು. ಆಮೇಲೆ ಇಟ್ಟಂಗಿ ಒಂದು ಬದಿಗೆ ವಾಲಿತು. ಬೀಳಲಿಲ್ಲ, ವಾಲುತ್ತಲೇ ಒಳಗೆ ಇಳಿಯಿತು, ದೋಸೆ ಹಿಟ್ಟಿನಲ್ಲಿ ಸೌಟು ಇಳಿದ ಹಾಗೆ. ಕೊನೆಗೆ ಚೆಂಡು ಟುಪ್ ಅಂತ ಮೇಲೆ ಬಂತು. ಮೋಟಾರ್ ನಿಲ್ಲಿಸಿದ ಮೇಲೂ ಒಂದೆರಡು ಕಡೆ ಸಣ್ಣ ಬುಗ್ಗೆ ಎದ್ದು ನೀರು, ಉಸುಕು ಉಕ್ಕುತ್ತಿತ್ತು. ಯಾರೂ ಮಾತಾಡಲಿಲ್ಲ. 1964ರ ಜಪಾನಿನ ನೀಗಾಟ ಭೂಕಂಪದ ಚಿತ್ರ ನಮ್ಮೆಲ್ಲರ ಪುಸ್ತಕದಲ್ಲಿತ್ತು. ಮೈಗೆ ಅಷ್ಟೇನೂ ಗಾಯ ಆಗದೆ ಇಡೀ ಇಡೀ ಕಟ್ಟಡಗಳು ವಾಲಿ ಮಲಗಿದ ಚಿತ್ರ. ನಮ್ಮ ಕಣ್ಣೆದುರು ಅದೇ ಆಗಿತ್ತು.

ಒಳಗೆ ನಡೆಯೋದು ಇಷ್ಟು. ಉಸುಕಿನ ಕಾಳುಗಳು ಒಂದರ ಮೇಲೊಂದು ಕೂತು ಮೇಲಿನ ಭಾರ ಹೊರುತ್ತವೆ. ಸಂದುಗಳಲ್ಲಿ ನೀರು ಸುಮ್ನೆ ನಿಂತಿರುತ್ತದೆ. ಅಲುಗಿದಾಗ ಸಡಿಲ ಕಾಳುಗಳು ಒತ್ತಾಗಿ ಕೂರಲು ನೋಡುತ್ತವೆ. ಕೂರಬೇಕಾದರೆ ನೀರು ಜಾಗ ಬಿಡಬೇಕು. ಅಲುಗಾಟ ಬೇಗ ಬೇಗ, ನೀರು ಹೊರಹೋಗೋದು ನಿಧಾನ. ಆಗ ಕಾಳುಗಳ ಹೆಗಲ ಮೇಲಿದ್ದ ಭಾರ ನೀರಿನ ಹೆಗಲಿಗೆ ಹೋಗುತ್ತದೆ. ನೀರಿನ ಒತ್ತಡ ಏರುತ್ತದೆ. ಕಾಳುಗಳು ಒಂದನ್ನೊಂದು ಮುಟ್ಟೋದನ್ನು ಬಿಡುತ್ತವೆ. ಅಷ್ಟು ಹೊತ್ತು ಅದು ನೆಲ ಅಲ್ಲ, ದಪ್ಪ ನೀರು.

ಡಿಸೆಂಬರ್ 11ಕ್ಕೆ ಕೊಯ್ನಾನಗರಕ್ಕೆ ಹೋದೆವು. ಸತಾರಾ, ಉಂಬ್ರಜ್, ಪಾಟಣ ದಾಟಿ ಬೆಳಗಿನ ಚಳಿಯಲ್ಲಿ. 1967ರಲ್ಲಿ ಅದೇ ದಿನ ಬೆಳಗಿನ ಜಾವ 4 ಗಂಟೆ 21 ನಿಮಿಷಕ್ಕೆ ಅಲ್ಲಿ ನೆಲ ನಡುಗಿ 180ರಷ್ಟು ಜನ ಸತ್ತರು. ಜಲಾಶಯ ತುಂಬಲು ಶುರುವಾಗಿ ಆಗಿನ್ನೂ ಐದಾರು ವರ್ಷ. ಅದಕ್ಕೆ ಮುಂಚೆ ದಖ್ಖನ್ನಿನ ನೆಲ ಅಲುಗದ ನೆಲ ಅಂತಲೇ ನಂಬಿಕೆ ಇತ್ತು. 103 ಮೀಟರ್ ಎತ್ತರದ ಅಣೆಕಟ್ಟನ್ನು 0.05ರ ಭೂಕಂಪ ಗುಣಾಂಕ ಹಿಡಿದು, ಅಂದರೆ ಅದರ ಭಾರದ ನೂರರಲ್ಲಿ ಐದು ಪಾಲಿನಷ್ಟು ಅಡ್ಡ ತಳ್ಳನ್ನು ಲೆಕ್ಕ ಹಿಡಿದು ಕಟ್ಟಿದ್ದರು. ಅಣೆಕಟ್ಟಿನ ಒಳಗಿದ್ದ ಯಂತ್ರ ಆ ದಿನ ಬರೆದದ್ದು 0.63 ಜಿ. ಇಳಿಜಾರು ಥಟ್ಟನೆ ಬದಲಾಗುವ ಎತ್ತರದಲ್ಲಿ ಬಿರುಕು ಬಂತು, ಅಣೆಕಟ್ಟು ಮಾತ್ರ ನಿಂತಿತು. ಆಮೇಲೆ ಕೆಳಬದಿಗೆ ಆನಿಕೆ ಗೋಡೆಗಳನ್ನು ಕೊಟ್ಟು ಬಲಪಡಿಸಿದರು. ದೂರದಿಂದ ನೋಡಿದೆವು. ಆ ಯಂತ್ರ ಬರೆದ ಗೆರೆಯನ್ನು ಜಗತ್ತಿನ ಎಲ್ಲ ಕಡೆಯ ಎಂಜಿನಿಯರುಗಳು ಇವತ್ತಿಗೂ ತಮ್ಮ ಲೆಕ್ಕಕ್ಕೆ ಬಳಸುತ್ತಾರೆ. ನಮ್ಮ ಲ್ಯಾಬಿನ ಗೋಡೆಗೂ ಅದರ ಪ್ರತಿ ಅಂಟಿಸಿದ್ದೇವೆ. ಬರೀ ಹತ್ತು ಸೆಕೆಂಡಿನ ಗೆರೆ. ಅದರ ಕೆಳಗೆ ನಿಂತಾಗ ಅದು ಗೆರೆಯಾಗಿ ಕಾಣುವುದಿಲ್ಲ.

ವಾಪಸ್ ಬರುವಾಗ ವ್ಯಾನಿನಲ್ಲೇ ತೀರ್ಮಾನ ಆಯಿತು. ಮೇಜನ್ನು ಕಾಲೇಜಿನ ಹಬ್ಬದಲ್ಲಿ ತೋರಿಸುವುದಕ್ಕಿಂತ ಮೊದಲು ಆ ಸೈಟಿಗೆ ಒಯ್ಯಬೇಕು. ಪೆಟ್ಟು ಎಣಿಸಿದ ಅಣ್ಣನಿಗೆ ತೋರಿಸಬೇಕು.

ಜನವರಿ 26. ಕೆಲಸಕ್ಕೆ ರಜೆ. ಲೇಬರ್ ಕ್ಯಾಂಪಿನ ತಗಡಿನ ಶೆಡ್‌ಗಳ ನಡುವೆ ಜಾಗ ಮಾಡಿಕೊಟ್ಟರು. ಯಾದಗಿರಿ, ಕಲಬುರಗಿ, ವಿಜಯಪುರದ ಮಂದಿಯೇ ಜಾಸ್ತಿ. ಒಲೆ ಮೇಲೆ ರೊಟ್ಟಿ ಬೇಯುತ್ತಿತ್ತು. ಟೆಂಪೋದ ಬ್ಯಾಟರಿಗೆ ಮೋಟಾರಿನ ತಂತಿ ಕೊಟ್ಟೆವು. ನಾನು ಕನ್ನಡದಲ್ಲಿ ಹೇಳಿದೆ, ಸಾಂಗ್ಲಿಯವಳು ಮರಾಠಿಯಲ್ಲಿ. ಕಾಲೇಜಿನಲ್ಲಿ ನಾನು ಈ ವಿಷಯವನ್ನು ಒಂದು ಸಲವೂ ಕನ್ನಡದಲ್ಲಿ ಆಡಿರಲಿಲ್ಲ. ‘ರಂಧ್ರಜಲ ಒತ್ತಡ’ ಅಂತ ಶುರು ಮಾಡಿದೆ, ಎದುರಿಗಿದ್ದವರ ಮುಖ ನೋಡಿ ಬಿಟ್ಟೆ. “ಉಸುಕಿನ ಸಂದ್ಯಾಗಿನ ನೀರ” ಅಂದೆ. ತಲೆಯಾಡಿಸಿದರು.

ಶಹಾಪುರದ ಅಣ್ಣ ತಾವೇ ಮುಂದೆ ಬಂದು ಎಣಿಸಲು ನಿಂತರು. ಸ್ವಿಚ್ ಹಾಕಿದೆ. “ಒಂದ... ಎರಡ... ಮೂರ...” ಆರಕ್ಕೆ ಇಟ್ಟಂಗಿ ವಾಲಿತು. ಒಂಬತ್ತಕ್ಕೆ ಅರ್ಧ ಒಳಗೆ. ಹನ್ನೆರಡಕ್ಕೆ ಚೆಂಡು ಮೇಲೆ ಬಂತು. ಮಕ್ಕಳು ಹೋ ಅಂತ ಕೂಗಿದರು. ಅಣ್ಣ ಎಣಿಕೆ ನಿಲ್ಲಿಸಿ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಅದೇ ಉಸುಕನ್ನು ಹಾಗೇ ಇಟ್ಟು ಮತ್ತೊಮ್ಮೆ ಅಲುಗಿಸಿದೆವು. ಉಸುಕು ಒಂದು ಬೆರಳಿನಷ್ಟು ಕುಸಿದು ಒತ್ತಾಗಿ ಕೂತಿತ್ತು. ಈಗ ಮೇಲಿಟ್ಟ ಇಟ್ಟಂಗಿ ಜಗ್ಗಲಿಲ್ಲ. ನಾನು ಅಂದೆ, “ಅಣ್ಣಾ, ನೀವು ಎಣಿಸ್ತೀರಲ್ಲ, ಮೊದಲಿನ ಉಸುಕಿಗೆ ನಾಕೇ ಪೆಟ್ಟಿಗೆ ಕೊಳವೆ ಇಳೀತದ. ಇದಕ್ಕ ಇಪ್ಪತ್ತು ಮೂವತ್ತು ಬೇಕು. ಅದಕ್ಕೇ ಆ ಎಣಿಕೆ.” ಅವರು ಹೇಳಿದ್ದು ಒಂದೇ ಮಾತು. “ಹಂಗಾದ್ರ ಎಂದೂ ಹೆಚ್ಚು ಕಮ್ಮಿ ಹೇಳಬಾರದು.”

ಮಕ್ಕಳಿಗೆ ಸ್ಟೀಲ್ ಸ್ಕೇಲುಗಳ ಆಟ ತೋರಿಸಿದೆವು. 15, 30, 45 ಸೆಂ.ಮೀ.ನ ಮೂರು ಸ್ಕೇಲು, ತಲೆಗೊಂದೊಂದು ಮಣ್ಣಿನ ಉಂಡೆ. ಹಲಗೆಯನ್ನು ಕೈಯಿಂದ ನಿಧಾನಕ್ಕೆ ಆಡಿಸಿದರೆ ಉದ್ದದ್ದು ಕುಣಿಯುತ್ತದೆ, ಜೋರಾಗಿ ಆಡಿಸಿದರೆ ಗಿಡ್ಡದ್ದು ಕುಣಿಯುತ್ತದೆ. ನೆಲಕ್ಕೂ ಹೀಗೇ ಒಂದು ತಾಳ ಇದೆ, ಅಂದರೆ ಒಂದು ಸಲ ಆಚೆ ಈಚೆ ತೂಗಿ ಬರಲು ಹಿಡಿಯುವ ಹೊತ್ತು. 15 ಮೀಟರ್ ಮೆತ್ತನೆ ಮಣ್ಣಿದ್ದು, ಅದರಲ್ಲಿ ನೆಲವನ್ನು ಅಡ್ಡಡ್ಡ ಅಲುಗಿಸುವ ಭೂಕಂಪದ ಅಲೆ ಸೆಕೆಂಡಿಗೆ 150 ಮೀಟರ್ ಓಡಿದರೆ ಆ ನೆಲದ ತಾಳ 0.4 ಸೆಕೆಂಡ್. ನಾಲ್ಕು ಅಂತಸ್ತಿನ ಮನೆಯ ತಾಳವೂ ಸುಮಾರು ಅಷ್ಟೇ. ಎರಡೂ ಕೂಡಿದರೆ ಅಲುಗಾಟ ಹೆಚ್ಚುತ್ತದೆ. 1985ರಲ್ಲಿ ಮೆಕ್ಸಿಕೊ ನಗರದ ಹಳೇ ಕೆರೆಯ ಮಣ್ಣಿನ ತಾಳ ಎರಡು ಸೆಕೆಂಡಿನಷ್ಟಿತ್ತು. ಭೂಕಂಪದ ಮೂಲ 350 ಕಿ.ಮೀ.ಗೂ ಆಚೆ ಇದ್ದರೂ ಎತ್ತರದ ಕಟ್ಟಡಗಳು ಬಿದ್ದವು.

ಎಲ್ಲ ಮುಗೀತು ಅಂತ ಸಾಮಾನು ಕಟ್ಟುತ್ತಿದ್ದೆವು. ಹಿಂದೆ ಕೂತಿದ್ದ ಒಬ್ಬ ವಯಸ್ಸಾದ ಗೌಂಡಿ ಎದ್ದು ಬಂದರು. ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು.

“ತಮ್ಮಾ, ಛಲೋ ತೋರಿಸ್ದಿ. ಆದ್ರ ಒಂದು ಮಾತು. ನಮ್ಮ ಕಡಿ ಉಸುಕಿನ ಮ್ಯಾಲ ಯಾರ್ ಮನಿ ಕಟ್ಯಾರ? ಎರಿ ನೆಲ, ಕೆಳಗ ಕಲ್ಲ. ಕಿಲ್ಲಾರ್ಯಾಗ ಮಂದಿ ಉಸುಕಿನಾಗ ಮುಳುಗಿ ಸತ್ತಿಲ್ಲ. ಗ್ವಾಡಿ ಮೈಮ್ಯಾಲ ಬಿದ್ದು ಸತ್ತಾರ. ಅದನ್ನ ಯಾವಾಗ ತೋರಿಸ್ತಿ?”

ನನಗೆ ಉತ್ತರ ಬರಲಿಲ್ಲ. ಅಜ್ಜಿಯ ತಂಗಿಯ ಮನೆಯ ಕಥೆ ಗೊತ್ತಿದ್ದ ನಾನೇ ಆ ಮನೆ ಯಾಕೆ ಬಿತ್ತು ಅನ್ನೋದನ್ನು ಮೇಜಿನ ಮೇಲೆ ಇಟ್ಟಿರಲಿಲ್ಲ. ನಮ್ಮ ವಿಷಯ ಮಣ್ಣು, ಗೋಡೆ ಬೇರೆ ವಿಭಾಗದ್ದು ಅಂತ ಮನಸ್ಸು ತಾನಾಗಿಯೇ ಗೆರೆ ಎಳೆದುಕೊಂಡಿತ್ತು. ಆ ಗೆರೆ ಕಾಲೇಜಿನದು. ಅಲುಗುವ ನೆಲಕ್ಕೆ ಅಂಥ ಗೆರೆ ಇಲ್ಲ.

ಕಾಕಾ ಹುಡುಗರಾಗಿದ್ದಾಗ ಲಾತೂರ್ ಕಡೆ ಹೊಸ ಊರುಗಳನ್ನು ಕಟ್ಟುವ ಕೆಲಸಕ್ಕೆ ಕೂಲಿ ಹೋಗಿದ್ದರು. ಹಳೇ ಗೋಡೆಗಳನ್ನು ಕಣ್ಣಾರೆ ನೋಡಿದ್ದರು. ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದರು. ಎರಡಡಿಗೂ ಮಿಕ್ಕಿದ ದಪ್ಪ ಗೋಡೆ. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ನಡುವೆ ಚೂರು ಕಲ್ಲು ಮತ್ತು ಕೆಸರು. ಮೇಲೆ ಮಾಳಿಗೆಯ ಮಣ್ಣಿನ ಭಾರ. “ನೋಡ್ಲಿಕ್ಕ ಒಂದ ಗ್ವಾಡಿ. ಖರೆ ಅಂದ್ರ ಎರಡ. ನಡುಗಿದಾಗ ಒಳಗಿಂದು ಒಳಗ ಬೀಳ್ತದ, ಹೊರಗಿಂದು ಹೊರಗ. ಎರಡನ್ನೂ ಹಿಡಿದು ಒಂದ್ ಮಾಡೂ ಉದ್ದ ಕಲ್ಲ ಬೇಕು.” ಒಳಮೈಯಿಂದ ಹೊರಮೈವರೆಗೆ ಪೂರ್ತಿ ಹಾಯುವ ಕಲ್ಲು. ಇಂಥ ಕಲ್ಲಿನ ಗೋಡೆಗಳಿಗೆ ಇರುವ ಸಂಹಿತೆಯೂ ಅದನ್ನೇ ಹೇಳುತ್ತದೆ, ಎತ್ತರದಲ್ಲಿ ಪ್ರತಿ 60 ಸೆಂ.ಮೀ.ಗೊಂದು ಸಾಲು, ಸಾಲಿನಲ್ಲಿ 1.2 ಮೀಟರಿಗಿಂತ ದೂರ ಇರಬಾರದು ಅಂತ.

ಮುಂದಿನ ಭಾನುವಾರ ಕಾಕಾ ನಮ್ಮ ಲ್ಯಾಬಿಗೆ ಬಂದರು. ಗೇಟಿನಲ್ಲಿ ಅವರನ್ನು ಯಾಕೆ ಒಳಗೆ ಬಿಡಬೇಕು ಅಂತ ಕೇಳಿದರು. ಕ್ಲಬ್ಬಿನ ಅತಿಥಿ ಉಪನ್ಯಾಸಕರು ಅಂತ ರಿಜಿಸ್ಟರಿನಲ್ಲಿ ಬರೆದೆ. ಹಾಗೇ ಇದ್ದರು ಅವರು. ಖಡಿ ಕಲ್ಲಿನ ಚೂರು ಆರಿಸಿ, ಕೆಸರು ಕಲಸಿ, ಒಂದು ಗೇಣು ಎತ್ತರದ ಎರಡು ಗೋಡೆ ಕಟ್ಟಿದರು. ನೋಡಲು ಎರಡೂ ಒಂದೇ ಥರ. ಒಂದರಲ್ಲಿ ಮಾತ್ರ ಆರು ಉದ್ದ ಚೂರು ಅಡ್ಡ ಹಾಯಿಸಿದರು. ಪ್ರತಿ ಚೂರನ್ನೂ ಹೆಬ್ಬೆರಳಿನಿಂದ ಒತ್ತಿ, ಅಲುಗಿಸಿ ನೋಡಿ, ಮತ್ತೆ ತೆಗೆದು, ತಿರುವಿ ಇಟ್ಟರು. ಆ ಕೈ ನೋಡುತ್ತ ನಾವು ಹನ್ನೊಂದು ಜನ ಎರಡು ತಾಸು ಕೂತಿದ್ದೆವು.

ಒಂದು ವಾರ ಒಣಗಿಸಿ ಅಲುಗಿಸಿದೆವು. ಮೊದಲ ಗೋಡೆಯ ಹೊಟ್ಟೆ ಉಬ್ಬಿತು, ನಡುವೆ ಸೀಳಿತು, ಎರಡೂ ಬದಿಗೆ ಸುರಿದುಹೋಯಿತು. ಎರಡನೆಯದರಲ್ಲಿ ಬಿರುಕು ಬಂತು, ಒಂದು ಮೂಲೆಯ ಕಲ್ಲು ಬಿತ್ತು, ಗೋಡೆ ನಿಂತಿತು. ಸರ್ ಎಚ್ಚರಿಕೆ ಹೇಳಿದರು. ಇಷ್ಟು ಚಿಕ್ಕ ಗೋಡೆಗೆ ಅದರದೇ ಭಾರ ಕಡಿಮೆ, ದೊಡ್ಡ ಗೋಡೆ ಹೀಗೇ ನಡೆದುಕೊಳ್ಳುತ್ತದೆ ಅಂತ ಹೇಳಲು ಬರುವುದಿಲ್ಲ, ಇದು ತೋರಿಸಲಿಕ್ಕೆ ಮಾತ್ರ, ಲೆಕ್ಕಕ್ಕೆ ಅಲ್ಲ. ಸರಿಯಾದ ಮಾತು. ಅದನ್ನು ಈಗ ಪ್ರತಿ ಸಲ ತೋರಿಸುವಾಗಲೂ ನಾವೇ ಮೊದಲು ಹೇಳುತ್ತೇವೆ.

ಆ ವಿಡಿಯೋವನ್ನು ಊರಿಗೆ ಕಳಿಸಿದೆ. ರಾತ್ರಿ ಅಜ್ಜಿಯ ಫೋನ್ ಬಂತು. “ನೋಡ್ದೆ. ನಮ್ಮ ಮನಿ ಗ್ವಾಡ್ಯಾಗ ಆ ಉದ್ದ ಕಲ್ಲ ಅದಾವೇನು?”

ಯುಗಾದಿಗೆ ಹೋದಾಗ ನೋಡಿದೆ. ಕಾಕಾ ಹೇಳಿಕೊಟ್ಟ ಹಾಗೆ ಮೂಲೆಯಿಂದ ಟೇಪ್ ಹಿಡಿದು, ಹೊರಗೆ ದೊಡ್ಡ ಕಲ್ಲು ಕಂಡ ಕಡೆ ಸುಣ್ಣದ ಗುರುತು ಹಾಕಿದೆ. ಅದೇ ಅಳತೆಗೆ ಒಳಗೆ ಗಿಲಾವು ಕೆರೆದು ನೋಡಿದೆ. ಅಜ್ಜಿ ಟಾರ್ಚ್ ಹಿಡಿದುಕೊಂಡಿದ್ದಳು. ಅವಳು ಮಲಗುವ ಕೋಣೆಯ ಮೂವತ್ತು ಅಡಿ ಉದ್ದದ ಗೋಡೆಯಲ್ಲಿ ಎರಡೇ ಕಲ್ಲು ಸಿಕ್ಕವು. ಎರಡೂ ಬಾಗಿಲ ಪಕ್ಕ.

ಈಗಿರುವ ಗೋಡೆಗೂ ದಾರಿ ಇದೆ. ನಿಧಾನಕ್ಕೆ ಕಲ್ಲು ಬಿಡಿಸಿ ಆರಪಾರ ತೂತು ಮಾಡಿ, ಎರಡೂ ತುದಿ ಬಗ್ಗಿಸಿದ ಕಬ್ಬಿಣದ ಸರಳು ಇಟ್ಟು, ಕಾಂಕ್ರೀಟ್ ತುಂಬಬೇಕು. ಒಂದೊಂದು ಮೀಟರಿಗೆ ಒಂದೊಂದು. ಮೊದಲು ಮಾಳಿಗೆಯ ಮಣ್ಣಿನ ಭಾರ ಇಳಿಸಬೇಕು. ಲೆಕ್ಕ ಹಾಕಿದರೆ ಆ ಕೋಣೆಗೆ ಇಪ್ಪತ್ತೆರಡು ತೂತು ಬೇಕು. ಕಾಕಾ ಬಸವ ಜಯಂತಿಗೆ ಊರಿಗೆ ಬರುತ್ತಾರೆ. ಬೆಳಗಾವಿಯವನು ಸರಳು ಬಗ್ಗಿಸಿ ತರುತ್ತೇನೆ ಅಂದಿದ್ದಾನೆ. ಸಾಂಗ್ಲಿಯವಳು ತೂತುಗಳ ನಕ್ಷೆ ಬರೆದು ಕಳಿಸಿದ್ದಾಳೆ, ಅದನ್ನು ಅಜ್ಜಿ ದೇವರ ಮಾಡದ ಪಕ್ಕ ಮೊಳೆಗೆ ಸಿಕ್ಕಿಸಿದ್ದಾಳೆ. ಅಲ್ಲಿಯವರೆಗೆ ಅವಳ ಹೊರಸನ್ನು ಬಾಗಿಲ ಪಕ್ಕದ ಆ ಎರಡು ಕಲ್ಲಿನ ಹತ್ತಿರಕ್ಕೆ ಸರಿಸಿ ಬಂದಿದ್ದೇನೆ.